ಮಾತಾಡಿದವರ ಹೆಸರು

ದೊಡ್ಡ ಮೇಡಂ ತರಗತಿಯೊಳಗೆ ಕಾಲಿಟ್ಟವರೇ ಕಪ್ಪುಹಲಗೆಯ ಬಲಮೂಲೆ ನೋಡಿ ನಿಂತುಬಿಟ್ಟರು. ‘ಮಾತಾಡಿದವರ ಹೆಸರು’ ಎಂದು ಹಿಂದಿನ ಮೇಷ್ಟ್ರು ಎಣ್ಣೆಬಣ್ಣದಲ್ಲಿ ಬರೆಸಿದ್ದ, ಎಷ್ಟು ತಿಕ್ಕಿದರೂ ಹೋಗದ ತಲೆಬರಹ. ಅದರ ಕೆಳಗೆ ಸೀಮೆಸುಣ್ಣದಲ್ಲಿ ಇಪ್ಪತ್ತೆರಡು ಹೆಸರು. ಇನ್ನೂ ಎರಡನೇ ಪೀರಿಯಡ್ಡು.

“ಏನ್ರೀ ಇದು? ಅರ್ಧ ಕ್ಲಾಸೇ ಇಲ್ಲಿದೆಯಲ್ಲ.”

ಹೊಸ ಟೀಚರ್ ಕೈಯಲ್ಲಿದ್ದ ಪುಸ್ತಕವನ್ನು ಮೇಜಿನ ಮೇಲಿಟ್ಟಳು. ಇವತ್ತಿನ ಪಾಠ ನೋಡಿ ದೊಡ್ಡ ಮೇಡಂ ಒಂದು ಹಾಳೆ ತುಂಬುತ್ತಾರೆ. ಅವಳ ಕೆಲಸ ಕಾಯಂ ಆಗುವುದೂ ಹೋಗುವುದೂ ಆ ಹಾಳೆಯ ಮೇಲೆ. ಬೆಳಿಗ್ಗೆ ಊಟದ ಡಬ್ಬಿ ಕೈಗಿಡುತ್ತಾ ಅಕ್ಕ ಹೇಳಿಯೇ ಹೇಳಿದ್ದಳು: “ಇವತ್ತೊಂದು ದಿನ ನಿನ್ನ ಪ್ರಯೋಗ ಎಲ್ಲ ಕಟ್ಟಿಡು ಕಣೇ. ತುಟಿ ಮೇಲೆ ಬೆರಳಿಡಿಸಿ ಕೂರಿಸು, ಸಾಕು.” ಅಕ್ಕನಿಗೇನು ಗೊತ್ತು? ಮೂರು ತಿಂಗಳ ಹಿಂದೆ ಇದೇ ನಲವತ್ತು ಮಕ್ಕಳು ತುಟಿ ಮೇಲೆ ಬೆರಳಿಟ್ಟುಕೊಂಡೇ ಮೂಗಿನಲ್ಲಿ ಗುಂಯ್‌ಗುಟ್ಟಿದ್ದರು. ಯಾರ ಮೂಗೆಂದು ಹಿಡಿಯುವುದು?

“ಅದು ಗಲಾಟೆ ಮಾಡಿದವರದ್ದಲ್ಲ ಮೇಡಂ. ಪ್ರಶ್ನೆ ಕೇಳಿದವರದ್ದು.”

“ಯಾವ ಪ್ರಶ್ನೆ ಕೇಳಿದ್ರೂ ಹೆಸರು ಬರೆಯೋದಾ?”

“ಇಲ್ಲ ಮೇಡಂ, ರೂಲ್ಸ್ ಇದೆ,” ಎಂದು ಮುಂದಿನ ಬೆಂಚಿನಿಂದ ಎದ್ದಳು, ಎಲ್ಲರೂ ಪಟಾಕಿ ಎಂದೇ ಕರೆಯುವ ಹುಡುಗಿ. ಅಂದು ಗುಂಯ್‌ಗುಟ್ಟಿದವರ ನಾಯಕಿ ಇವಳೇ. ಈಗ ಸೀಮೆಸುಣ್ಣದ ಡಬ್ಬಿ ಇವಳ ಸುಪರ್ದಿ. “ಕೇಳೋರಿಗೆ ಉತ್ತರ ಗೊತ್ತಿರಬಾರದು. ಗೊತ್ತಿದ್ದೂ ಕೇಳಿದ್ರೆ ಲೆಕ್ಕಕ್ಕಿಲ್ಲ. ಒಬ್ರು ಕೇಳುವಾಗ ಮಧ್ಯೆ ಬಾಯಿ ಹಾಕಿದ್ರೆ, ಹೆಸರು ಇದ್ರೂ ಅಳಿಸಿಬಿಡ್ತೀನಿ. ಮುಲಾಜೇ ಇಲ್ಲ.”

ದೊಡ್ಡ ಮೇಡಂ ಕೊನೆಯ ಬೆಂಚಿಗೆ ಹೋಗಿ ಹಾಳೆ ಬಿಡಿಸಿದರು. ಹಿಂದೆಯೇ ಹೋಗಿ ಜಾಗ ಮಾಡಿಕೊಟ್ಟ ಟೀಚರ್‌ಗೆ ಅದರ ಮೊದಲ ಸಾಲು ಕಣ್ಣಿಗೆ ಬಿತ್ತು. ‘ತರಗತಿಯಲ್ಲಿ ಗದ್ದಲ: ಇದೆ / ಇಲ್ಲ.’

ಪಾಠ ನೀರಿನದು. ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಪಟಾಕಿ ಒದ್ದೆ ಬಟ್ಟೆಯಿಂದ ಹಲಗೆಯ ಎಡಭಾಗ ಒರೆಸಿಟ್ಟಳು. ದೊಡ್ಡ ಮೇಡಂ ಕೂತಲ್ಲಿಂದಲೇ ಪರೀಕ್ಷೆಗಿಳಿದರು: “ನೀರು ಎಷ್ಟು ಡಿಗ್ರಿಗೆ ಕುದಿಯುತ್ತೆ?” ನಲವತ್ತು ಕೈ ಮೇಲೆದ್ದವು. ಸೀಮೆಸುಣ್ಣ ಹಿಡಿದು ಅರ್ಧ ಎದ್ದ ಪಟಾಕಿ ಮತ್ತೆ ಕೂತಳು. “ಲೆಕ್ಕಕ್ಕಿಲ್ಲ. ಮೇಡಂಗೆ ಉತ್ತರ ಗೊತ್ತು.” ತರಗತಿ ಕಿಸಕ್ಕೆಂದಿತು. ಟೀಚರ್‌ಗೆ ನಿಂತ ನೆಲ ಬಾಯಿಬಿಡಬಾರದೇ ಅನಿಸಿತು.

ಆಗಲೇ ಕಿಟಕಿ ಪಕ್ಕದ ಕನ್ನಡಕದ ಹುಡುಗ ಕೈಯೆತ್ತಿದ. “ಮಿಸ್, ನೀರಿಗೆ ಬಣ್ಣ ಇಲ್ಲ ಅಂದ್ರಲ್ಲ. ಮತ್ತೆ ಒದ್ದೆ ಆದ ಕಡೆ ಬೋರ್ಡು ಜಾಸ್ತಿ ಕಪ್ಪಗಿದೆಯಲ್ಲ, ಯಾಕೆ?”

ಎಲ್ಲರೂ ಹಲಗೆ ನೋಡಿದರು. ಒರೆಸಿದ ಅರ್ಧ ಕಾಡಿಗೆಯಂತಿತ್ತು, ಒರೆಸದ ಅರ್ಧ ಬೂದಿಯಂತೆ. ಟೀಚರೂ ನೋಡಿದಳು. ಪುಸ್ತಕದಲ್ಲಿ ಇದಿಲ್ಲ. ಏನಾದರೂ ಹೇಳಿ ತೇಲಿಸಿಬಿಡಬಹುದಿತ್ತು. ಕೊನೆಯ ಬೆಂಚಿನಲ್ಲಿ ಪೆನ್ನು ಕಾಯುತ್ತಿತ್ತು. “ನಂಗೂ ಗೊತ್ತಿಲ್ಲ ಕಣೋ,” ಎಂದಳು. “ನೋಡೋಣ ಬನ್ನಿ, ಬೇರೆ ಯಾವುದೆಲ್ಲ ಹಾಗಾಗುತ್ತೆ ಅಂತ.”

ಅಷ್ಟೇ ಸಾಕಾಯಿತು. ನೀರಿನ ಬಾಟಲಿಗಳ ಮುಚ್ಚಳ ಹಾರಿದವು. ಅಂಗಿಯ ತೋಳು ಕಪ್ಪಾಯಿತು, ನೆಲ ಕಪ್ಪಾಯಿತು, ಗೋಡೆಯ ಸುಣ್ಣವೂ ಕಪ್ಪಾಯಿತು. “ಗಾಜು ಆಗಲ್ಲ ಮಿಸ್.” “ಸ್ಟೀಲ್ ಡಬ್ಬೀನೂ ಆಗಲ್ಲ.” “ನನ್ನ ಕೂದಲು ಆಗುತ್ತೆ.” “ನಿಂದು ಮೊದಲೇ ಕಪ್ಪಲ್ಲವೇನೋ.” ಗದ್ದಲ ಎಂದರೆ ಗದ್ದಲ, ಪಕ್ಕದ ತರಗತಿಯವರು ಬಾಗಿಲಿಗೆ ಬಂದು ಇಣುಕಿದರು. ಆದರೂ ಒಬ್ಬ ಬಾಯಿ ತೆರೆದಾಗ ಉಳಿದವರು ಅವನ ಕಡೆಗೇ ತಿರುಗುತ್ತಿದ್ದರು. ಟೀಚರ್ ಬೆಂಚುಗಳ ಮಧ್ಯೆ ಓಡಾಡುತ್ತಾ ಹಾಳೆಯನ್ನು ಮರೆತೇಬಿಟ್ಟಳು.

ದೊಡ್ಡ ಮೇಡಂ ಎದ್ದು ನಿಂತಿದ್ದರು. ಯಾರದೋ ಬಾಟಲಿಗೆ ಬೆರಳದ್ದಿ ತಮ್ಮ ಹಾಳೆಯ ಮೂಲೆಗೆ ಒತ್ತಿದರು. ಬೆರಳಚ್ಚಿನಷ್ಟಗಲ ಕಾಗದ ಮಬ್ಬಾಯಿತು. ಊದಿದರು. ಕಾದರು.

“ಹೌದಲ್ಲ,” ಎಂದರು ತಮಗೆ ತಾವೇ. “ಒಣಗಿದ ಮೇಲೆ ಈ ಕಪ್ಪು ಎಲ್ಲಿಗೆ ಹೋಗುತ್ತೆ?”

ಪಟಾಕಿ ಪಕ್ಕದಲ್ಲೇ ಇದ್ದಳು. “ಮೇಡಂ, ಇದಕ್ಕೆ ಉತ್ತರ ನಿಮಗೆ ಗೊತ್ತಾ?”

ಸುತ್ತಲಿನ ಬೆಂಚಿನವರೆಲ್ಲ ತಿರುಗಿ ನೋಡಿದರು.

“ಇಲ್ಲಮ್ಮ.”

ಪಟಾಕಿ ಓಡಿದಳು. ಕನ್ನಡಕದವನ ಹೆಸರು ಬರೆದು, ಅದರ ಕೆಳಗೆ ದುಂಡಗೆ ಬರೆದಳು: ‘ದೊಡ್ಡ ಮೇಡಂ.’

ಅವರು ಹಲಗೆಯ ಹತ್ತಿರಕ್ಕೆ ಬಂದು ಅದನ್ನು ನೋಡಿದರು. “ನಾನು ಓದಿದ ಅಷ್ಟೂ ವರ್ಷ, ಒಂದು ದಿನಾನೂ ನನ್ನ ಹೆಸರು ಆ ಮೂಲೆಗೆ ಬಂದಿರ್ಲಿಲ್ಲ ಕಣ್ರೀ,” ಎಂದರು. ಹೆಮ್ಮೆಯೋ ಬೇಸರವೋ ಟೀಚರ್‌ಗೆ ತಿಳಿಯಲಿಲ್ಲ. ಅಷ್ಟರಲ್ಲಿ ಗಂಟೆ ಹೊಡೆಯಿತು. ದೊಡ್ಡ ಮೇಡಂ ನಿಂತುಕೊಂಡೇ ಏನೋ ಗೀಚಿ, ಹಾಳೆಯನ್ನು ಮೇಜಿನ ಮೇಲೆ ಮಗುಚಿಟ್ಟು ಹೊರಟುಹೋದರು.

ಟೀಚರ್ ಹಾಳೆ ತಿರುಗಿಸಿದಳು. ಗದ್ದಲದ ಸಾಲಿನಲ್ಲಿ ‘ಇದೆ’ ಎಂಬುದಕ್ಕೆ ಗುರುತು ಬಿದ್ದಿತ್ತು. ಕಣ್ಣು ಥಟ್ಟನೆ ಕೊನೆಯ ಸಾಲಿಗೆ ಇಳಿಯಿತು: ‘ಕಾಯಂ ಮಾಡಬಹುದು.’ ಕೆಳಗೆ ಸಹಿ. ನಂಬಿಕೆ ಬಾರದೆ ಮತ್ತೆ ಮೇಲಕ್ಕೆ ಹೋದಳು. ಆ ‘ಇದೆ’ಯ ಪಕ್ಕ, ಒಣಗಿ ಸುಕ್ಕಾದ ಬೆರಳಚ್ಚಿನ ಅಂಚಿನಲ್ಲಿ, ಇರುವೆಯಂಥ ಅಕ್ಷರದಲ್ಲಿ ಇನ್ನೂ ಎರಡು ಪದಗಳಿದ್ದವು.

‘ನನ್ನದೂ ಸೇರಿ.’