ಭಂಡಾರ ಹಚ್ಚಿದ ನೋಟು

"ಮನಿಯಾರ್ಡರ್ ಬಂದದ, ರೊಕ್ಕ ಬಂದಿಲ್ಲ," ಎಂದು ಪೋಸ್ಟ್ ಮಾಸ್ತರ ಹನುಮಂತ್ರಾಯ ಮತ್ತೊಮ್ಮೆ ಹೇಳಿದ. ನಿನ್ನೆಯಿಂದ ಅದೆಷ್ಟನೆಯ ಸಲವೋ. ಶಹಾಬಾದಿನ ಕಲ್ಲುಗಣಿಯಿಂದ ಗಂಡ ಕಳಿಸಿದ ನೂರೈವತ್ತು ರೂಪಾಯಿಯ ಫಾರಂ ಮೇಜಿನ ಮೇಲೆ ಸುಗ್ರಾ ಬೇಗಂಳ ಕಣ್ಣಿಗೆ ಬೀಳುವಂತೆಯೇ ಇತ್ತು. ಆದರೆ ಆ ಹಳ್ಳಿಯ ಪೋಸ್ಟಿನ ಪೆಟ್ಟಿಗೆಯಲ್ಲಿದ್ದದ್ದು ನಲವತ್ತೇ ರೂಪಾಯಿ. ದೇವದುರ್ಗದಿಂದ ಹಣದ ಚೀಲ ಬರುವುದು ನಾಡಿದ್ದು. ಅದಕ್ಕೂ ಮೊದಲು ಯಾರಾದರೂ ಮನಿಯಾರ್ಡರ್ ಮಾಡಲು ಬಂದು ಹಣ ಕಟ್ಟಿದರೆ, ಅದನ್ನೇ ಎತ್ತಿ ಇವಳಿಗೆ ಕೊಡಬಹುದಿತ್ತು.

"ಇವತ್ತರ ಯಾರರ ಬರ್ತಾರೇನ್ರೀ, ಮಾಸ್ತರ್ರೇ?"

"ಈ ಊರಾಗ ರೊಕ್ಕ ತಗೊಳ್ಳಾಕ ಬರೋರೇ ಎಲ್ಲಾರು, ಸುಗ್ರಾ ಬೀ. ಕಟ್ಟಾಕ ಬರೋರು ಯುಗಾದಿಗೊಬ್ರು."

ಅವಳು ಕಟ್ಟೆಯ ಕಂಬಕ್ಕೆ ಒರಗಿ ಕೂತಳು. ಮಗಳು ಜೈನಾಬ್ ರಾಯಚೂರಿನ ದವಾಖಾನೆಯಲ್ಲಿದ್ದಳು. ಹೊಟ್ಟೆ ಕೊಯ್ದು ಕೂಸನ್ನು ತೆಗೆದಿದ್ದರು. ಈಗ ರಕ್ತ ಕೊಂಡು ಹಾಕಿಸಬೇಕು. ಎರಡು ಗಂಟೆಯ ಬಸ್ಸಿಗೆ ಬರ್ರಿ, ಬರಿಗೈಲಿ ಬರಬ್ಯಾಡ್ರಿ ಎಂದು ಅಳಿಯ ಕಂಡಕ್ಟರನ ಕೈಲಿ ಹೇಳಿ ಕಳಿಸಿದ್ದ. ಊರಲ್ಲಿ ನಾಲ್ಕು ಮನೆ ಕೇಳಿ ಆಗಿತ್ತು. ಹತ್ತಿ ಬಿಡಿಸಿ ಮಾರುವ ತನಕ ಯಾರ ಕೈಯಲ್ಲೂ ಏನೂ ಇರಲಿಲ್ಲ.

ಬಿಸಿಲು ನೆತ್ತಿಯಿಂದ ಸರಿದ ಮೇಲೆ ದೊಡ್ಡಿಯಿಂದ ಕುರಿಗಾರರ ಯಮನಮ್ಮ ಬಂದಳು. ಹೆಗಲ ಕಂಬಳಿ ತೆಗೆದು ಮೇಜಿನ ಮುಂದೆ ಕೂತು, "ಮಗಗ ರೊಕ್ಕ ಕಳಸೋದದ ಯಪ್ಪಾ," ಎಂದಳು. ಸುಗ್ರಾ ಎದ್ದು ನಿಂತಳು. ಹನುಮಂತ್ರಾಯ ತಾನೇ ಫಾರಂ ಎಳೆದುಕೊಂಡ.

ಯಮನಮ್ಮನ ಮಗ ಬೂದೆಪ್ಪ ಗಿಲ್ಲೆಸುಗೂರಿನ ಗದ್ದೆಗಳಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿದ್ದ. ಹಿಂಡಿಗೆ ಬೇನೆ ಬಿದ್ದು ಆಗಲೇ ಹನ್ನೆರಡು ಸತ್ತಿದ್ದವು. ಉಳಿದವಕ್ಕೆ ಔಷಧ ಕೊಡಿಸಲೆಂದು ಅವಳು ಸಂತೆಯಲ್ಲಿ ಎರಡು ಟಗರು ಮಾರಿದ್ದಳು. ಸೆರಗಿನ ಗಂಟು ಬಿಚ್ಚಿ ಹತ್ತರ ಹದಿನಾರು ನೋಟು ಮುಂದಿಟ್ಟಳು. ಎಲ್ಲವಕ್ಕೂ ಅರಿಸಿನದ ಪುಡಿ ಮೆತ್ತಿತ್ತು.

"ಏನಬೇ ಇದು, ನೋಟಿಗೆ ಮದಿವಿ ಮಾಡಾಕತ್ತೀಯೇನು?"

"ಬೀರಪ್ಪನ ಗುಡಿ ಭಂಡಾರ. ನಗಬ್ಯಾಡ. ಈ ನೋಟು ಮೊದಲು ಕುರಿ ಹಣಿಗೆ ಮುಟ್ಟಿಸಲಿ, ಆಮ್ಯಾಲ ಔಷಧಕ್ಕ ಕೊಡಲಿ. ಹಂಗಂತ ಅದರಾಗ ಬರಿ."

ಬರೆದ. ಕಮಿಷನ್ ಮುರಿದುಕೊಂಡು, ಮುದ್ರೆ ಒತ್ತಿ, ಚಿಲ್ಲರೆ ಮತ್ತು ರಸೀದಿ ಅವಳ ಕೈಗಿಟ್ಟ. ಆ ಕೂಡಲೇ ಸುಗ್ರಾಳ ಕಡೆ ತಿರುಗಿ, "ಬಾರವ್ವಾ, ನಿನ್ನ ನಸೀಬು ತೆರೀತು," ಎಂದು ಹೆಬ್ಬೆಟ್ಟು ಒತ್ತಿಸಿಕೊಂಡು ಹದಿನೈದು ನೋಟು ಎಣಿಸಿ ಕೊಟ್ಟ.

ಯಮನಮ್ಮ ಹಾರಿ ಬಂದು ಸುಗ್ರಾಳ ಮುಂಗೈ ಹಿಡಿದಳು.

"ಏಯ್! ನನ್ನ ಮಗನ ರೊಕ್ಕ ಅದು!"

"ಬಿಡಬೇ ಆಕಿನ್ನ," ಎಂದ ಹನುಮಂತ್ರಾಯ. "ನೋಟು ಹೋಗಂಗಿಲ್ಲ. ಕಾಗದ ಹೋಗ್ತದ. ಅಲ್ಲಿ ಪೋಸ್ಟಿನ್ಯಾಗ ಬ್ಯಾರೆ ನೋಟು ಕೊಡ್ತಾರ."

"ನಾ ನಿನಗ ಕಾಗದ ಕೊಟ್ಟೀನೇನು? ಟಗರು ಮಾರಿ ರೊಕ್ಕ ಕೊಟ್ಟೀನಿ. ನನ್ನ ಕಣ್ಣ ಮುಂದ ಇನ್ನೊಬ್ಬಾಕಿ ಉಡಿಗೆ ಹಾಕ್ತೀಯಲ್ಲ, ನಾಚಿಕಿ ಬರಂಗಿಲ್ಲ? ಬೀರಪ್ಪನ್ನ ಕೇಳಿ ಬಂದ ನೋಟು ಅವು!"

"ಹಂಗಾರ ನಿನ್ನ ರೊಕ್ಕ ನೀನೇ ತಗೊಂಡು ನಡಿ. ಫಾರಂ ಹರೀತೀನಿ." ಇಪ್ಪತ್ತು ವರ್ಷ ನೋಟು, ಕಾಗದದ ಇದೇ ಮಾತನ್ನು ಬೇರೆ ಬೇರೆ ಜನಕ್ಕೆ ಹೇಳಿ ಅವನ ದನಿ ಸವೆದಿತ್ತು.

ಹಳ್ಳದಾಚೆ ಬಸ್ಸಿನ ಹಾರನ್ ಕೇಳಿತು. ಸುಗ್ರಾ ಕೈ ಕೊಸರಲಿಲ್ಲ. ಅಂಗೈಯನ್ನೇ ಬಿಚ್ಚಿ ಹಿಡಿದಳು.

"ತಗೋ ಯವ್ವಾ. ಜಗಳಾಡಾಕ ನನ್ನಾಗ ತ್ರಾಣಿಲ್ಲ. ಮಗಳು ದವಾಖಾನ್ಯಾಗ ಬಿದ್ದಾಳ, ರಕ್ತ ಹಾಕಬೇಕಂತ. ನಿನ್ನ ಕುರಿನೂ ಜೀವಾನೇ, ಇಲ್ಲ ಅನ್ನಂಗಿಲ್ಲ ನಾ."

ಯಮನಮ್ಮ ಹಿಡಿದ ಕೈ ಬಿಡಲಿಲ್ಲ. "ಹೆರಿಗಿಯೇನು?" ಎಂದಳು.

"ಹೂಂ."

"ಕೂಸು?"

"ಅದ. ಹೆಣ್ಣು."

ಹಾರನ್ ಇನ್ನೊಮ್ಮೆ, ಹತ್ತಿರದಲ್ಲಿ ಕೇಳಿತು. ಯಮನಮ್ಮ ಸುಗ್ರಾಳ ಬೆರಳುಗಳನ್ನು ನೋಟಿನ ಮೇಲೆ ಒಂದೊಂದಾಗಿ ಮಡಚಿದಳು. "ಒರಸಬ್ಯಾಡ ಮತ್ತ. ಹಂಗ ಒಯ್ಯಿ. ಮೊದಲು ನಿನ್ನ ಮಗಳ ಹಣಿಗೆ ಮುಟ್ಟಿಸು, ಆಮ್ಯಾಲ ಡಾಕ್ಟರಿಗೆ ಕೊಡು."

"ಮುಟ್ಟಿಸ್ತೀನವ್ವಾ," ಎನ್ನುತ್ತಲೇ ಸುಗ್ರಾ ಕಟ್ಟೆ ಇಳಿದು ಬಸ್ಸಿನ ಕಡೆ ಓಡಿದಳು.

ಹನುಮಂತ್ರಾಯ ಉಸಿರು ಬಿಟ್ಟು ಬೂದೆಪ್ಪನ ಹೆಸರಿನ ಫಾರಂ ಅನ್ನು ಟಪಾಲಿನ ಚೀಲಕ್ಕೆ ಹಾಕಿದ. ಯಮನಮ್ಮ ಕಂಬಳಿ ಹೆಗಲಿಗೇರಿಸಿದಳು, ಆದರೆ ಹೊರಡಲಿಲ್ಲ.

"ಆಕಿ ಯಾವಾಗಿಂದ ಕುಂತಿದ್ಲು ಯಪ್ಪಾ ಇಲ್ಲಿ?"

"ನಿನ್ನಿ ಮುಂಜಾನಿಂದ."

"ಯಾರಿಗೆ ಕಾಯಾಕತ್ತಿದ್ಲು?"

"ನಿನ್ನಂಗ ಯಾರರ ರೊಕ್ಕ ಕಟ್ಟಾಕ ಬರ್ತಾರೇನಂತ."

ಯಮನಮ್ಮ ಚೀಲದ ಬಾಯಿಯನ್ನು ನೋಡುತ್ತ ನಿಂತಳು.

"ಹಂಗಾರ ಗಿಲ್ಲೆಸುಗೂರಾಗ ನನ್ನ ಮಗ ಯಾರಿಗೆ ಕಾಯಬೇಕು?"