ಅವಳಿ ಗುಂಡು

ಪೊಲೀಸ್ ಅಧಿಕಾರಿಯ ಕೋಣೆಯಲ್ಲಿ, ಬಂದೂಕು ಮರಳಿ ಕೊಡಿ ಎಂದು ಅರ್ಜಿ ಹಾಕಿದ್ದ ಅಳಿಯ ಒಂದು ಬೆಂಚಿನಲ್ಲಿ, ನಾಲ್ಕು ವರ್ಷದ ಹಿಂದೆ ದೂರು ಕೊಟ್ಟು ಅದನ್ನು ಕಿತ್ತುಕೊಳ್ಳುವಂತೆ ಮಾಡಿದ್ದ ಅತ್ತೆ ಎದುರು ಬೆಂಚಿನಲ್ಲಿ ಕುಳಿತಿದ್ದರು. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

"ನೀವು ಮಾಡಿದ್ದೇನು?" ಅಧಿಕಾರಿ ಅಳಿಯನನ್ನು ಕೇಳಿದರು.

"ಗಂಡು ಮಗು ಹುಟ್ಟಿದ್ರೆ ನಮ್ಮಲ್ಲಿ ಅಂಗಳದಲ್ಲಿ ನಿಂತು ಒಂದು ಗುಂಡು ಹಾರಿಸ್ತೀವಿ ಸಾರ್. ನನ್ನ ದೊಡ್ಡ ಮಗಳಿಗೆ ಅವಳಿ ಗಂಡು ಅಂತ ಆಸ್ಪತ್ರೆಯಿಂದ ಫೋನ್ ಬಂತು. ಖುಷೀಲಿ ಎರಡು ಹಾರಿಸ್ಬಿಟ್ಟೆ."

"ಅದರಲ್ಲೇನು ತಪ್ಪು?"

"ಒಟ್ಟಿಗೆ ಎರಡು ಹಾರಿಸಿದ್ರೆ ಮನೇಲಿ ಸಾವಾಗಿದೆ ಅಂತ ಅರ್ಥ ಸಾರ್."

ಅರ್ಧ ಗಂಟೆಯಲ್ಲಿ ಊರಿಗೆ ಊರೇ ಬಿಳಿ ಬಟ್ಟೆ ಉಟ್ಟು ಬಂದಿತ್ತು. ಎಲ್ಲರೂ ಎಂಬತ್ತೆಂಟರ ಅತ್ತೆಯೇ ಹೋದರೆಂದುಕೊಂಡಿದ್ದರು. ಅತ್ತೆಯೋ ಜಗಲಿಯಲ್ಲಿ ಕಾಲು ಚಾಚಿ ಕಾಫಿ ಕುಡಿಯುತ್ತಿದ್ದರು. ತಮಗೆಂದು ತಂದ ಹೂವಿನ ಮಾಲೆಗಳನ್ನು ಅವರೇ ಎಣಿಸಿದರಂತೆ, ಬರೀ ಮೂರು. ಆ ಸಿಟ್ಟಿಗೇ ಠಾಣೆಗೆ ಹೋಗಿದ್ದರೆಂದು ಅಳಿಯ ಇಂದಿಗೂ ನಂಬಿದ್ದಾನೆ.

"ದೂರು ಕೊಟ್ಟವರು ಒಪ್ಪಿದರೆ ಕೊಡೋಣ," ಎಂದು ಅಧಿಕಾರಿ ಅತ್ತೆಯತ್ತ ತಿರುಗಿದರು.

"ಈಗ್ಯಾಕೆ ಬೇಕಂತೆ ಇವರಿಗೆ?" ಎಂದರು ಅತ್ತೆ.

"ಚಿಕ್ಕ ಮಗಳು ಎಂಟು ತಿಂಗಳ ಬಸುರಿ," ಎಂದ ಅಳಿಯ, ನೆಲ ನೋಡುತ್ತ.

ಅತ್ತೆ ಅಧಿಕಾರಿಯತ್ತ ತಿರುಗಿದರು.

"ಬಂದೂಕು ಕೊಡಿ ಸ್ವಾಮಿ. ಗುಂಡು ಮಾತ್ರ ಒಂದೇ ಕೊಡಿ."