ಹತ್ತು ಎಣಿಸುವವರೆಗೆ

"ನಲವತ್ತೊಂದನೇ ನಂಬರ್ ಇದ್ದೀರಾ ಅಂತ ಕೇಳ್ತಾರೆ. ಇದ್ದೀನಿ ಅಂದ್ಬಿಡಿ, ಅಷ್ಟು ಸಾಕು," ಎಂದು ದರ್ಜಿಯ ಹೆಂಡತಿಗೆ ಹೇಳಿ, ಕಿವಿಯಿಂದ ಇಯರ್‌ಫೋನ್ ಕಿತ್ತು, ಕಂಪ್ಯೂಟರಿನ ದನಿ ಹೊರಗೆ ಕೇಳುವಂತೆ ಮಾಡಿ, ಮಾತಿನ ಡಾಕ್ಟರಮ್ಮ ಎದ್ದಳು. ಬಾಗಿಲಲ್ಲಿ ನರ್ಸ್ ಕಾಯುತ್ತಿದ್ದಳು. ವಾರ್ಡಿನ ಕೊನೇ ಹಾಸಿಗೆಯ ಅಜ್ಜಿಗೆ ಗುಟುಕು ನೀರು ಕುಡಿಸಿದರೂ ನೆತ್ತಿಗೇರುತ್ತಿತ್ತಂತೆ. ರೋಗಿಗಳು ನುಂಗುವುದನ್ನು ನೋಡುವ ಕೆಲಸವೂ ಡಾಕ್ಟರಮ್ಮನದೇ.

ಕಂಪ್ಯೂಟರಿನಲ್ಲಿ ನಡೆಯುತ್ತಿದ್ದದ್ದು ಅವಳ ತರಗತಿ, ನಲವತ್ತೊಂದು ಅದರಲ್ಲಿ ಅವಳ ನಂಬರು. ಪಾರ್ಶ್ವವಾಯು ಹೊಡೆದು ಮಾತು ಹೋದವರಿಗೆ ಮತ್ತೆ ಮಾತು ಕಲಿಸುವ ತಜ್ಞರು ಮೂರು ವರ್ಷಕ್ಕೊಮ್ಮೆ ಮೂವತ್ತು ಗಂಟೆ ಪಾಠ ಕೇಳಿರಬೇಕು. ಇಲ್ಲದಿದ್ದರೆ ಪಟ್ಟಿಯಿಂದ ಹೆಸರು ಹೋಗುತ್ತದೆ. ಹೆಸರು ಹೋದವರು ಇಂಥ ರೋಗಿಗಳನ್ನು ನೋಡುವಂತಿಲ್ಲ. ಹತ್ತೊಂಬತ್ತು ವರ್ಷ ರೋಗಿಗಳ ಎದುರು ಕೂತದ್ದು ಲೆಕ್ಕಕ್ಕಿಲ್ಲ. ರೋಗಿಗಳ ಬಗ್ಗೆ ಇನ್ನೊಬ್ಬರು ಹೇಳಿದ್ದನ್ನು ಕೇಳಿಸಿಕೊಂಡದ್ದು ಮಾತ್ರ ಲೆಕ್ಕ. ಅವಳದು ಇಪ್ಪತ್ತೊಂಬತ್ತು ಗಂಟೆಯಾಗಿತ್ತು. ಮೂವತ್ತನೆಯದಕ್ಕೆ ಮೂರು ಸಲ ಹೆಸರು ಕೊಟ್ಟಿದ್ದಳು, ಮೂರು ಸಲವೂ ಮಗಳಿಗೆ ಜ್ವರ ಬಂದಿತ್ತು. ಇವತ್ತು ಸಂಜೆ ಐದಕ್ಕೆ ಪಟ್ಟಿ ಮುಚ್ಚುತ್ತಿತ್ತು.

ಪಾರ್ಶ್ವವಾಯುವಿಗೆ ಮಾತು ಕಳೆದುಕೊಂಡು ಬಂದಿದ್ದ ದರ್ಜಿಯದೂ ಇವತ್ತೇ ಕೊನೇ ದಿನ. ನಾಲ್ಕು ತಿಂಗಳಲ್ಲಿ ಒಂದು ಮಾತೂ ಹೊರಡದಿದ್ದರೆ ಫೈಲು ಮುಚ್ಚಿ ಮನೆಗೆ ಕಳಿಸಬೇಕೆಂಬುದು ಆಸ್ಪತ್ರೆಯ ನಿಯಮ. ಒಂದೇ ಒಂದು ಹೊರಟರೆ ಇನ್ನು ಮೂರು ತಿಂಗಳು. ಹಾಗಾಗಿ ಡಾಕ್ಟರಮ್ಮ ಒಂದು ಕಿವಿಯನ್ನು ತರಗತಿಗೆ, ಇನ್ನೊಂದನ್ನು ದರ್ಜಿಗೆ ಕೊಟ್ಟು ಕೂತಿದ್ದಳು. ಮಾತು ಕಳೆದುಕೊಂಡವರಿಗೆ ಸಮಯ ಕೊಡುವುದು ಹೇಗೆ ಎಂಬುದು ಪಾಠದ ವಿಷಯ. ಪಾಠ ಹೇಳುವಾತ ಉಸಿರು ತೆಗೆದುಕೊಳ್ಳದೆ ಓಡಿಸುತ್ತಿದ್ದ.

ದರ್ಜಿಯ ಅಂಗಡಿಯಲ್ಲಿ ಮೊದಲಿನಿಂದಲೂ ಅಳತೆ ಅವನದು, ಮಾತು ಹೆಂಡತಿಯದು. ಇಲ್ಲಿಗೆ ಬಂದ ಮೇಲೂ ಅವನನ್ನು ಏನು ಕೇಳಿದರೂ ಉತ್ತರ ಅವಳ ಬಾಯಿಂದಲೇ ಉದುರುತ್ತಿತ್ತು. ಅವರ ಬಾಯಿಗೆ ನೀವು ಮಾತು ತುರುಕಬೇಡಿ, ಪ್ರಶ್ನೆ ಕೇಳಿದ ಮೇಲೆ ತುಟಿ ಹೊಲಿದುಕೊಂಡು ಹತ್ತು ಎಣಿಸಿ ಎಂದು ಹೇಳಿ ಹೇಳಿ ಸಾಕಾದ ಡಾಕ್ಟರಮ್ಮ ಕೊನೆಗೆ ಕೈಸನ್ನೆಗೆ ಇಳಿದಿದ್ದಳು: ಐದು ಬೆರಳು ಬಿಚ್ಚಿ, ಮುಷ್ಟಿ ಮಡಚಿ, ಮತ್ತೆ ಐದು ಬೆರಳು. ಅಂಥವಳು ಇವತ್ತು ತನ್ನ ಪರವಾಗಿ ಉತ್ತರ ಕೊಡುವ ಕೆಲಸವನ್ನು ಆ ಹೆಂಗಸಿಗೇ ಒಪ್ಪಿಸಿ ಹೊರಟಾಗ ದರ್ಜಿ ಹುಬ್ಬು ಮೇಲೆತ್ತಿದ.

ಡಾಕ್ಟರಮ್ಮ ಹದಿನೈದು ನಿಮಿಷಕ್ಕೆ ವಾಪಸಾದಾಗ ದರ್ಜಿಯ ಹೆಂಡತಿ ಗೋಡೆಗೆ ಒರಗಿ ನಿಂತಿದ್ದಳು. ನಂಬರ್ ಕರೆದರಂತೆ. ಇದ್ದೀರಾ ಅಂದರಂತೆ. ಪ್ರಶ್ನೆ ಕಿವಿಗೆ ಬಿದ್ದದ್ದೇ ತಡ, ಇವತ್ತು ಉತ್ತರಿಸಬೇಕಾದವಳು ತಾನು ಎಂಬುದೇ ಮರೆತು, ನಾಲ್ಕು ತಿಂಗಳ ಅಭ್ಯಾಸದಂತೆ ತುಟಿ ಬಿಗಿಹಿಡಿದು ಮನಸ್ಸಿನಲ್ಲೇ ಎಣಿಸತೊಡಗಿದಳಂತೆ.

"ಏಳಕ್ಕೆ ಬಂದಿದ್ದೆ ನೋಡಿ, ಇವ್ರು ಇದ್ದೀನಿ ಅಂದ್ರು. ನಿಮ್ಮಾಣೆಗೂ ನಾನು ಬಾಯಿ ಬಿಟ್ಟಿಲ್ಲ."

"ತರಗತಿಯಲ್ಲಿ ಬೇರೆ ಯಾರೋ ಹೇಳಿದ್ದು ಕೇಳಿಸಿರಬೇಕಮ್ಮ."

"ನಲವತ್ತು ವರ್ಷ ಸಂಸಾರ ಮಾಡಿದೀನಿ. ಮಾತು ಕಮ್ಮಿ ಇರಬಹುದು, ದನಿ ಗೊತ್ತಿಲ್ವಾ ನಂಗೆ?"

ಡಾಕ್ಟರಮ್ಮ ಪರದೆ ನೋಡಿದಳು. ನಲವತ್ತೊಂದರ ಮುಂದೆ ಹಾಜರಿ ಬಿದ್ದಿತ್ತು. ಅದರ ಕೆಳಗೆ ಪಾಠ ಹೇಳುವಾತ ಬರೆದಿದ್ದ: 'ಗಂಟಲು ತೀರಾ ಕಟ್ಟಿದೆ, ಬಿಸಿನೀರು ಕುಡಿಯಿರಿ.' ಅವಳು ದರ್ಜಿಯ ಎದುರು ಕುರ್ಚಿ ಎಳೆದುಕೊಂಡು, ಏನಂದ್ರಿ ಎಂದು ಕೇಳಿ ಹತ್ತು ಎಣಿಸಿದಳು. ಮತ್ತೊಂದು ಹತ್ತು ಎಣಿಸಿದಳು. ದರ್ಜಿ ಅರ್ಧ ಬಾಯಲ್ಲಿ ನಕ್ಕ. ಒಮ್ಮೆ ತೆಗೆದ ಅಳತೆಯನ್ನು ಇನ್ನೊಮ್ಮೆ ತೆಗೆಯುವವನಲ್ಲ ಅವನು.

ಅವಳು ಫೈಲು ಬಿಚ್ಚಿದಳು. ಹೊರಟ ಮಾತು: ಇದ್ದೀನಿ. ಸಮಯ: ಮೂರೂ ನಲವತ್ತು. ಮುಂದಿನ ಅಂಕಣದಲ್ಲಿ ಪೆನ್ನು ನಿಂತಿತು. ಆಗ ಚಿಕಿತ್ಸಕರು ಎಲ್ಲಿದ್ದರು? ಅಂಕಣ ಖಾಲಿ ಬಿಟ್ಟರೆ ಮಾತು ಹೊರಟದ್ದು ಲೆಕ್ಕಕ್ಕಿಲ್ಲ, ದರ್ಜಿ ನಾಳೆಯಿಂದ ಮನೆಯಲ್ಲಿ. ವಾರ್ಡಿನಲ್ಲಿ ಎಂದು ಬರೆದರೆ ಅವನಿಗೆ ಮೂರು ತಿಂಗಳು ಸಿಗುತ್ತದೆ, ಅವಳ ಮೂವತ್ತನೇ ಗಂಟೆ ಹೋಗುತ್ತದೆ. ಫೈಲೂ ತರಗತಿಯ ಕಾಗದವೂ ಹೋಗುವುದು ಕೆಳಗಿನ ಮಹಡಿಯ ಒಂದೇ ಮೇಜಿಗೆ. ಆ ಮೇಜಿನ ಗುಮಾಸ್ತ ಎರಡನ್ನೂ ಪಕ್ಕದಲ್ಲಿಟ್ಟುಕೊಂಡೇ ಓದುವವನು, ಬೇರೆ ಕೆಲಸ ಅವನಿಗೆ ಇರಲಿಲ್ಲ.

ನಾಲ್ಕಕ್ಕೆ ಪಾಠ ಮುಗಿಯಿತು. ಪರದೆಯ ಮೇಲೆ ಕೊನೇ ಪ್ರಶ್ನೆ ಬಂತು. ರೋಗಿಗಳಿಗೆ ಓದಿ ಹೇಳುವ ರೂಢಿಯಿಂದ ಅವಳು ಅದನ್ನೂ ದನಿ ಎತ್ತಿಯೇ ಓದಿದಳು: "ತರಗತಿ ಪೂರ್ತಿ ನೀವೇ ಹಾಜರಿದ್ದಿರಾ?" ಕೆಳಗೆ ಹೌದು ಎಂದೊಂದು ಗುಂಡಿ, ಇಲ್ಲ ಎಂದೊಂದು ಗುಂಡಿ.

"ಅದಕ್ಯಾಕೆ ಯೋಚನೆ ಡಾಕ್ಟ್ರಮ್ಮ, ಹೌದು ಅಂತ..." ಎಂದು ದರ್ಜಿಯ ಹೆಂಡತಿ ಶುರು ಮಾಡಿದಳು.

ದರ್ಜಿ ಸ್ವಾಧೀನವಿದ್ದ ಎಡಗೈ ಎತ್ತಿ ಅವಳ ಮುಖದ ಮುಂದೆ ಹಿಡಿದ. ಐದು ಬೆರಳು ಬಿಚ್ಚಿದ, ಮುಷ್ಟಿ ಮಡಚಿದ, ಮತ್ತೆ ಐದು ಬಿಚ್ಚಿದ. ಹೆಂಡತಿ ತುಟಿ ಹೊಲಿದುಕೊಂಡಳು. ಆಮೇಲೆ ಇಬ್ಬರೂ ಡಾಕ್ಟರಮ್ಮನ ಬಾಯನ್ನೇ ನೋಡುತ್ತ ಕೂತರು.